ಕೆರೆ ಕೋಡಿ ಬಿದ್ದ ಸುದ್ದಿಯನ್ನು ಎಲ್ಲಿ ಹಾಕುವುದು? ಎಕ್ಸ್ (ಹಿಂದಿನ ಟ್ವಿಟರ್) ಬಿಟ್ಟು ಬೇರೆ ಕಿರುಬರಹದ ತಾಣಗಳನ್ನು ಬಲ್ಲವರು ಹೇಳಿ

ಅಮಾನಿಕೆರೆ ದಂಡೆ, ತುಮಕೂರು

ನಮ್ಮ ಬಳಗದಲ್ಲಿ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಮೂರೂ ಜಿಲ್ಲೆಗಳವರಿದ್ದೇವೆ. ಮಳೆಗಾಲದಲ್ಲಿ ಯಾವ ಕೆರೆಗೆ ನೀರು ಬಂತು, ಯಾವುದು ಕೋಡಿ ಬಿತ್ತು, ಎಲ್ಲಿ ಏರಿ ಸೋರುತ್ತಿದೆ, ಯಾವ ರಾಜಕಾಲುವೆ ಮುಚ್ಚಿಹೋಗಿದೆ ಎಂದು ಬರೆದುಕೊಳ್ಳುತ್ತೇವೆ. ಎರಡು ಸಾಲು, ಒಂದು ಫೋಟೊ, ಅಷ್ಟೇ. ಈಗ ಇದೆಲ್ಲವೂ ಒಂದು ವಾಟ್ಸ್‌ಆ್ಯಪ್ ಗುಂಪಿನಲ್ಲಿ ಬೀಳುತ್ತಿದೆ, ಶುಭೋದಯದ ಹೂವುಗಳ ಅಡಿಯಲ್ಲಿ ಸಂಜೆಯೊಳಗೆ ಹೂತುಹೋಗುತ್ತಿದೆ. ಗುಂಪಿನ ಹೊರಗಿನವರಿಗೆ ಕಾಣುವುದೇ ಇಲ್ಲ. ಹೋದ ವರ್ಷ ಇದೇ ತಿಂಗಳಲ್ಲಿ ಆ ಕೆರೆ ಹೇಗಿತ್ತು ಎಂದು ಯಾರಾದರೂ ಕೇಳಿದರೆ ಹುಡುಕಿ ಕೊಡುವುದು ಆಗದ ಮಾತು.

ಎಕ್ಸ್‌ನಲ್ಲಿ ಹಾಕೋಣ ಎಂದರೆ, 2023ರ ಜೂನ್ ಕೊನೆಯಲ್ಲಿ ಖಾತೆ ಇಲ್ಲದವರಿಗೆ ಅದು ಬಾಗಿಲು ಹಾಕಿತು. ಆಮೇಲೆ ಒಂಟಿ ಪೋಸ್ಟಿನ ಕೊಂಡಿ ತೆರೆಯಲು ಬಿಟ್ಟರು. ಒಬ್ಬರ ಪುಟಕ್ಕೆ ಹೋಗಿ ದಿನಾಂಕದ ಪ್ರಕಾರ ಓದುವುದು ಮಾತ್ರ ಲಾಗಿನ್ ಇಲ್ಲದೆ ಸಾಧ್ಯವಿಲ್ಲ. ಊರಿನ ನೀರಗಂಟಿಗೆ "ಮೊದಲು ಖಾತೆ ತೆರೆಯಿರಿ" ಎನ್ನಲು ನನಗೆ ಮನಸ್ಸಿಲ್ಲ.

ಯಾರು ಬೇಕಾದರೂ ಓದುವಂತಿರಬೇಕು, ಕನ್ನಡಕ್ಕೆ ತೊಡಕಿರಬಾರದು. ನಾಳೆ ಆ ತಾಣವೇ ಮುಚ್ಚಿದರೆ ಬರೆದದ್ದು ನಮ್ಮ ಕೈಯಲ್ಲಿ ಉಳಿಯಬೇಕು. ಲೋಕದಲ್ಲಿ ಇಂಥವು ಎಷ್ಟೋ ಇವೆ ಎನ್ನುತ್ತಾರೆ. ಬಳಸಿದವರು ದಯವಿಟ್ಟು ಹೇಳಿ.

ಕೋಲಾರ ಮಂಡಿ

ಇಷ್ಟಕ್ಕೆಲ್ಲ ಹೊಸ ಆ್ಯಪ್ ಏಕೆ ಸ್ವಾಮಿ? ನಮ್ಮ ಟೊಮೆಟೊ ಮಂಡಿಯಲ್ಲಿ ಹರಾಜು ಕೂಗಿದ ದರ ಕ್ಷಣದಲ್ಲಿ ವಾಟ್ಸ್‌ಆ್ಯಪ್ ಮೂಲಕ ಗಡಿ ದಾಟಿರುತ್ತದೆ. 2023ರ ಜುಲೈನಲ್ಲಿ 15 ಕೆ.ಜಿ. ಬಾಕ್ಸ್ ಎರಡು ಸಾವಿರ ರೂಪಾಯಿಯ ಆಸುಪಾಸಿಗೆ ಹೋದಾಗ ಯಾವ ಮ್ಯಾಸ್ಟಡಾನ್ ತಾಣ ನೋಡಿಕೊಂಡು ಲಾರಿಗಳು ಬಂದವು? ಜನ ಎಲ್ಲಿದ್ದಾರೋ ಸುದ್ದಿ ಅಲ್ಲಿರಬೇಕು. ಯಾರೂ ಇಲ್ಲದ ಕಡೆ ಹೋಗಿ ಕೆರೆ ತುಂಬಿತು ಎಂದು ಬರೆದರೆ ಓದುವವರು ಯಾರು?

ಅಮಾನಿಕೆರೆ ದಂಡೆ, ತುಮಕೂರು

ಮಂಡಿಯ ದರ ಮರುದಿನಕ್ಕೆ ಯಾರಿಗೂ ಬೇಡ. ಕೆರೆಯ ದಾಖಲೆ ಹತ್ತು ವರ್ಷದ ಮೇಲೂ ಬೇಕು, ಅದರಲ್ಲೂ ಒತ್ತುವರಿಯ ತಕರಾರು ಬಂದಾಗ. ಅದಕ್ಕೇ ಕೇಳುತ್ತಿದ್ದೇನೆ.

ಪಾವಗಡ ಬಿಸಿಲು

ಕೂ ಎಂಬ ಕಿರುಬರಹದ ತಾಣ ಇದ್ದಿದ್ದರೆ ಈ ಪ್ರಶ್ನೆಯೇ ಬರುತ್ತಿರಲಿಲ್ಲ. ನಮ್ಮದೇ ಬೆಂಗಳೂರಿನದು, ಕನ್ನಡದಲ್ಲೇ ಮೊದಲು ಬಂದದ್ದು. ಕನ್ನಡಿಗರು ಕೈ ಹಿಡಿಯಲಿಲ್ಲ, ಸತ್ತಿತು. ಈಗ ಜರ್ಮನಿ, ಅಮೆರಿಕ ಎಂದು ಅಲೆಯುತ್ತಿದ್ದೇವೆ.

ನಂದಿ ತಪ್ಪಲು, ಚಿಕ್ಕಬಳ್ಳಾಪುರ

ಕನ್ನಡಿಗರು ಕೈ ಹಿಡಿಯದೆ ಸತ್ತಿತು ಎಂಬುದನ್ನು ನಾನು ಒಪ್ಪುವುದಿಲ್ಲ. ಅದರ ಕಥೆಯನ್ನು ಸ್ವಲ್ಪ ಕ್ರಮವಾಗಿ ನೋಡೋಣ.

ಅಪ್ರಮೇಯ ರಾಧಾಕೃಷ್ಣ ಮತ್ತು ಮಯಾಂಕ್ ಬಿದಾವತ್ಕಾ 2020ರಲ್ಲಿ ಕೂ ಆರಂಭಿಸಿದರು. ಅದೇ ವರ್ಷ ಕೇಂದ್ರ ಸರ್ಕಾರದ ಆತ್ಮನಿರ್ಭರ ಆ್ಯಪ್ ಸ್ಪರ್ಧೆಯಲ್ಲಿ ಬಹುಮಾನ ಬಂತು. 2021ರ ಫೆಬ್ರುವರಿಯಲ್ಲಿ ರೈತರ ಚಳವಳಿಯ ಪೋಸ್ಟ್‌ಗಳ ವಿಷಯದಲ್ಲಿ ಸರ್ಕಾರಕ್ಕೂ ಟ್ವಿಟರ್‌ಗೂ ಜಟಾಪಟಿ ನಡೆದಾಗ ಮಂತ್ರಿಗಳು, ಇಲಾಖೆಗಳು ಸಾಲಾಗಿ ಕೂ ಕಡೆ ಬಂದವು. ಆ ವರ್ಷ ಜೂನ್‌ನಲ್ಲಿ ನೈಜೀರಿಯಾ ಸರ್ಕಾರ ಟ್ವಿಟರ್ ನಿಲ್ಲಿಸಿತು. ಕೂ ಅಲ್ಲಿಗೆ ಹೋಯಿತು. ಟ್ವಿಟರ್ ಮಸ್ಕ್ ಅವರ ಕೈಗೆ ಹೋದ ಮರುತಿಂಗಳು, 2022ರ ನವೆಂಬರ್‌ನಲ್ಲಿ, ಬ್ರೆಜಿಲ್‌ನಲ್ಲಿ ಅದಕ್ಕೆ ಜನ ಮುಗಿಬಿದ್ದರು. ಡೌನ್‌ಲೋಡ್ ಸಂಖ್ಯೆ ಆರು ಕೋಟಿ ಮುಟ್ಟಿತು. 2024ರ ಜುಲೈನಲ್ಲಿ ಮುಚ್ಚಿತು. ಹಲವು ದೊಡ್ಡ ಕಂಪನಿಗಳೊಂದಿಗೆ ನಡೆಸಿದ ಮಾತುಕತೆ ಫಲಿಸಲಿಲ್ಲ, ಇಂಥ ಆ್ಯಪ್ ನಡೆಸುವ ತಂತ್ರಜ್ಞಾನದ ಖರ್ಚು ದೊಡ್ಡದು ಎಂದು ಸ್ಥಾಪಕರೇ ವಿದಾಯದ ಬರಹದಲ್ಲಿ ಹೇಳಿದ್ದಾರೆ.

ಇಲ್ಲಿ ಒಂದನ್ನು ಗಮನಿಸಿ. ಪ್ರತಿ ಬಾರಿಯೂ ಜನ ಬಂದದ್ದು ಟ್ವಿಟರ್ ಮೇಲೆ ಯಾರಿಗೋ ಸಿಟ್ಟು ಬಂದಾಗ. ಸಿಟ್ಟು ಇಳಿದ ಮೇಲೆ ಅವರನ್ನು ಹಿಡಿದಿಡಲು ಹಣ ಸುರಿಯುತ್ತಲೇ ಇರಬೇಕಿತ್ತು. ಹೂಡಿಕೆದಾರರ ಹಣ ನಿಂತ ದಿನ ಎಲ್ಲವೂ ನಿಂತಿತು. ಭಾಷೆ ಕಾರಣವಲ್ಲ, ಇಡೀ ವ್ಯವಸ್ಥೆಗೆ ಒಂದೇ ಬೀಗ, ಒಂದೇ ಕೀಲಿಕೈ ಇದ್ದದ್ದು ಕಾರಣ. ದಂಡೆಯವರು ಕೇಳಿದ ಕೊನೆಯ ಪ್ರಶ್ನೆಯೇ ಮೊದಲ ಪ್ರಶ್ನೆಯಾಗಬೇಕು.

ಪಾವಗಡ ಬಿಸಿಲು

ಸರಿ, ಸ್ವದೇಶಿ ಎಂದರೆ ನಿಮಗೆಲ್ಲ ಇರುಸುಮುರುಸು. ಮುಂದೆ ಹೇಳಿ.

ಶಿಡ್ಲಘಟ್ಟದ ಗೂಡು

ತಮ್ಮಾ, ಬೇರೆ ದೇಶಗಳಲ್ಲಿಯೂ ಸ್ವದೇಶಿಗಳು ಸತ್ತಿವೆ, ಬದುಕಿಯೂ ಇವೆ. ಕೆಲಸದ ಮೇಲೆ ತೈವಾನ್‌ನಲ್ಲಿದ್ದಾಗ ನನಗೆ ಈ ಹುಚ್ಚು ಹತ್ತಿತು, ಸ್ವಲ್ಪ ಉದ್ದವಾಗಿ ಹೇಳುತ್ತೇನೆ.

ಫಿನ್ಲೆಂಡಿನಲ್ಲಿ 2006ರಲ್ಲೇ ಜೈಕು ಎಂಬುದು ಇತ್ತು. ಟ್ವಿಟರ್‌ನ ಓರಗೆಯದು, ಎಷ್ಟೋ ವಿಷಯಗಳಲ್ಲಿ ಅದಕ್ಕಿಂತ ಚುರುಕು. 2007ರಲ್ಲಿ ಗೂಗಲ್ ಕೊಂಡುಕೊಂಡಿತು, ಕೊಂಡು ಮೂಲೆಗಿಟ್ಟಿತು, 2012ರ ಜನವರಿಯಲ್ಲಿ ಮುಚ್ಚಿತು. ಕೊರಿಯಾದಲ್ಲಿ 2007ರಲ್ಲಿ ಬಂದ ಮಿ2ಡೇ ಎಂಬುದನ್ನು ಅಲ್ಲಿನ ದೈತ್ಯ ಕಂಪನಿ ಎನ್‌ಎಚ್‌ಎನ್ ಕೊಂಡಿತು. ಅದೂ 2014ರ ಜೂನ್‌ನಲ್ಲಿ ಮುಗಿಯಿತು. ಅಲ್ಲಿ ಹಣಕ್ಕೆ ಬಡತನವಿರಲಿಲ್ಲ, ಭಾಷೆಗೂ ಬಡತನವಿರಲಿಲ್ಲ.

ಚೀನಾದ ಕಥೆ ಬೇರೆ. ಫಾನ್‌ಫೌ ಎಂಬುದು 2007ರಲ್ಲಿ ಹುಟ್ಟಿ ಚೆನ್ನಾಗಿಯೇ ನಡೆಯುತ್ತಿತ್ತು. 2009ರ ಜುಲೈನಲ್ಲಿ ಉರುಮ್ಚಿಯ ಗಲಭೆಯ ನಂತರ ಅದನ್ನು ಮುಚ್ಚಿಸಿದರು, ಟ್ವಿಟರ್‌ಗೂ ತಡೆ ಬಿತ್ತು. ಮರುತಿಂಗಳೇ ಸಿನಾ ವೈಬೊ ಬಂತು, ಮೊದಲಿನಿಂದಲೂ ಸೆನ್ಸಾರ್‌ಗೆ ಒಗ್ಗಿಕೊಂಡೇ ಬಂತು. ಇವತ್ತಿಗೂ ಲೋಕದ ಅತಿ ದೊಡ್ಡ ಕಿರುಬರಹದ ತಾಣಗಳಲ್ಲಿ ಅದು ಒಂದು. 2022ರಿಂದ ಪ್ರತಿ ಖಾತೆಯವರು ಯಾವ ಪ್ರಾಂತ್ಯದಿಂದ ಬರೆಯುತ್ತಿದ್ದಾರೆ ಎಂಬುದನ್ನೂ ತೋರಿಸುತ್ತದೆ. ಸ್ವದೇಶಿ ಬದುಕಿತು ನಿಜ, ಬೆಲೆ ಏನು ಎಂದು ನೀವೇ ನೋಡಿ.

ನನಗೆ ಪ್ರೀತಿ ಪ್ಲರ್ಕ್ ಮೇಲೆ. 2008ರಲ್ಲಿ ಕೆನಡಾದವರು ಶುರು ಮಾಡಿದರು, ತೈವಾನಿನ ಜನ ತಮ್ಮದಾಗಿಸಿಕೊಂಡರು. ಅದರಲ್ಲಿ ಬರಹಗಳು ಮೇಲಿನಿಂದ ಕೆಳಕ್ಕೆ ಅಲ್ಲ, ಅಡ್ಡಡ್ಡಲಾಗಿ ಸಾಗುತ್ತವೆ. ಬರೆಯುತ್ತಿದ್ದರೆ "ಕರ್ಮ" ಅಂಕ ಏರುತ್ತದೆ, ಸುಮ್ಮನಿದ್ದರೆ ಇಳಿಯುತ್ತದೆ! (ನನ್ನದು ಈಗ ಎಲ್ಲಿದೆಯೋ, ನೋಡಲು ಧೈರ್ಯವಿಲ್ಲ.) 2009ರ ಡಿಸೆಂಬರ್‌ನಲ್ಲಿ ಮೈಕ್ರೊಸಾಫ್ಟ್‌ನ ಚೀನಾ ಶಾಖೆ ತಂದ ಒಂದು ತಾಣ ಪ್ಲರ್ಕ್‌ನ ಕೋಡನ್ನೇ ನಕಲು ಮಾಡಿದ್ದು ಬಯಲಾಗಿ, ಮೈಕ್ರೊಸಾಫ್ಟ್ ಕ್ಷಮೆ ಕೇಳಬೇಕಾಯಿತು. ಚಿಕ್ಕದಾಗಿಯೇ ಉಳಿದದ್ದರಿಂದ ಬದುಕಿದೆ ಎಂದು ನನ್ನ ಅನಿಸಿಕೆ. ಆದರೆ ನಿಮ್ಮ ಕೆರೆ ಲೆಕ್ಕಕ್ಕೆ ಅದನ್ನು ಸೂಚಿಸುವುದಿಲ್ಲ. ಅಲ್ಲಿ ಕನ್ನಡದವರು ಯಾರೂ ನನ್ನ ಕಣ್ಣಿಗೆ ಬೀಳಲಿಲ್ಲ.

ಕೋಲಾರ ಮಂಡಿ

ಅಕ್ಕ, ಇದನ್ನೆಲ್ಲ ಓದಿದ ಮೇಲೆ ವಾಟ್ಸ್‌ಆ್ಯಪ್ ಮೇಲೆ ಗೌರವ ಇನ್ನೂ ಹೆಚ್ಚಾಯಿತು.

ಮಧುಗಿರಿ ಮೇಷ್ಟ್ರು

ನನ್ನ ಪ್ರಶ್ನೆ ಚಿಕ್ಕದು. ಎಕ್ಸ್‌ನಲ್ಲಿ 280 ಅಕ್ಷರ ಎನ್ನುತ್ತಾರೆ. ಕನ್ನಡದಲ್ಲಿ ಬರೆಯಲು ಕುಳಿತರೆ ಅದು ಬೇಗ ಮುಗಿದುಹೋಗುತ್ತದೆ. ನಮ್ಮ ಒತ್ತಕ್ಷರಕ್ಕೆ ದಂಡ ಹಾಕುತ್ತಾರೆಯೇ?

ನಂದಿ ತಪ್ಪಲು, ಚಿಕ್ಕಬಳ್ಳಾಪುರ

ಹೆಚ್ಚು ಕಡಿಮೆ ಹಾಗೆಯೇ, ಮೇಷ್ಟ್ರೇ. ಎಕ್ಸ್ ಯೂನಿಕೋಡ್ ಸಂಕೇತಗಳನ್ನು ಎಣಿಸುತ್ತದೆ. ನೀವು ಶಾಲೆಯಲ್ಲಿ ಕಲಿಸಿದಂತೆ "ತುಮಕೂರು" ನಾಲ್ಕು ಅಕ್ಷರ. ಯೂನಿಕೋಡ್‌ನಲ್ಲಿ ತ, ಉಕಾರದ ಚಿಹ್ನೆ, ಮ, ಕ, ಊಕಾರದ ಚಿಹ್ನೆ, ರ, ಉಕಾರದ ಚಿಹ್ನೆ, ಒಟ್ಟು ಏಳು. ಹಾಗಾಗಿ 280 ಎಂಬುದು ನಮಗೆ ನೂರೈವತ್ತರ ಸುತ್ತಮುತ್ತ ಬಂದು ನಿಲ್ಲುತ್ತದೆ.

ಬ್ಲೂಸ್ಕೈ ಎಂಬ ಅಮೆರಿಕದ ತಾಣ ಎಣಿಸುವುದು ಗ್ರಾಫೀಮ್‌ಗಳನ್ನು, ಅಂದರೆ ಕಣ್ಣಿಗೆ ಒಂದಾಗಿ ಕಾಣುವ ಅಕ್ಷರದ ಘಟಕಗಳನ್ನು. ಅಲ್ಲಿ "ತುಮಕೂರು" ನಾಲ್ಕೇ. ಮಿತಿ 300. ಒತ್ತಕ್ಷರ ಬಂದರೆ ಅಲ್ಲಿಯೂ ಎರಡಾಗಿ ಒಡೆಯಬಹುದು, ಆದರೂ ಎಕ್ಸ್‌ನಷ್ಟು ಹಿಂಡುವುದಿಲ್ಲ. ಮ್ಯಾಸ್ಟಡಾನ್‌ನಲ್ಲಿ ಸಾಮಾನ್ಯವಾಗಿ 500, ಸರ್ವರ್ ನಡೆಸುವವರು ಬೇಕೆಂದರೆ ಹೆಚ್ಚಿಸಬಹುದು. ಮೆಟಾದ ಥ್ರೆಡ್ಸ್‌ನಲ್ಲಿಯೂ 500.

ಮಧುಗಿರಿ ಮೇಷ್ಟ್ರು

ತುಮಕೂರಿಗೆ ನಾಲ್ಕು ಅಂಕ ಕೊಟ್ಟವರಿಗೆ ನನ್ನ ಮತ.

ಪಾವಗಡ ಬಿಸಿಲು

ನನ್ನದೂ ಬ್ಲೂಸ್ಕೈಗೆ. 2024ರ ಆಗಸ್ಟ್ ಕೊನೆಯಲ್ಲಿ ಬ್ರೆಜಿಲ್‌ನ ಸುಪ್ರೀಂ ಕೋರ್ಟ್ ಎಕ್ಸ್ ಮೇಲೆ ತಡೆ ಹಾಕಿದಾಗ ಕೆಲವೇ ದಿನಗಳಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಜನ ಅಲ್ಲಿಗೆ ಹೋದರು. ಆ ನವೆಂಬರ್‌ನಲ್ಲಿ ಎರಡು ಕೋಟಿ ದಾಟಿತು. ಅಂದರೆ ಜನರಿದ್ದಾರೆ. ಮುಖ್ಯವಾದ ಮಾತು, ಅಲ್ಲಿ ಫೀಡ್, ಅಂದರೆ ಆಯ್ದ ಪೋಸ್ಟ್‌ಗಳ ಸಾಲು, ಯಾರು ಬೇಕಾದರೂ ಮಾಡಬಹುದು. "ಮೂರು ಜಿಲ್ಲೆಯ ಕೆರೆ" ಎಂದು ನಾವೇ ಒಂದು ಫೀಡ್ ಕಟ್ಟಿದರೆ ಆ ಟ್ಯಾಗ್ ಇರುವುದಷ್ಟೇ ಬರುತ್ತದೆ, ಶುಭೋದಯ ಬರುವುದಿಲ್ಲ. ನಿಮ್ಮ ಸ್ವಂತ ಡೊಮೇನ್ ಇದ್ದರೆ ಅದನ್ನೇ ಖಾತೆಯ ಹೆಸರಾಗಿ ಇಟ್ಟುಕೊಳ್ಳಬಹುದು, ನಕಲಿ ಖಾತೆಯ ಭಯ ಕಡಿಮೆ. ಲಾಗಿನ್ ಇಲ್ಲದೆಯೂ ಓದಬಹುದು.

ನಂದಿ ತಪ್ಪಲು, ಚಿಕ್ಕಬಳ್ಳಾಪುರ

ಇದರಲ್ಲಿ ಒಂದೂ ಸುಳ್ಳಲ್ಲ. ತಾಂತ್ರಿಕವಾಗಿ ಬ್ಲೂಸ್ಕೈ ನನಗೂ ಇಷ್ಟ. ಒಂದು ಸರ್ವರ್ ಬಿಟ್ಟು ಇನ್ನೊಂದಕ್ಕೆ ಹೋಗುವಾಗ ಬರೆದದ್ದನ್ನೂ ಜೊತೆಗೆ ಒಯ್ಯುವಂತೆ ಅದರ ಎಟಿ ಪ್ರೋಟೊಕಾಲ್ ಎಂಬ ನಿಯಮಾವಳಿ ರೂಪಿಸಿದ್ದಾರೆ. ಆದರೆ ಬಹುಪಾಲು ಜನರ ಖಾತೆ ಇವತ್ತಿಗೂ ಒಂದೇ ಕಂಪನಿಯ ಯಂತ್ರಗಳಲ್ಲಿದೆ. ಆ ಕಂಪನಿ 2019ರಲ್ಲಿ ಟ್ವಿಟರ್ ಸಹಸ್ಥಾಪಕ ಜಾಕ್ ಡಾರ್ಸಿ ಅದರ ಒಳಗೇ ಘೋಷಿಸಿದ ಯೋಜನೆಯಿಂದ ಹೊರಬಂದದ್ದು, ಹೂಡಿಕೆದಾರರ ಹಣದಲ್ಲಿ ನಡೆಯುತ್ತಿದೆ. ಡಾರ್ಸಿಯವರೇ 2024ರಲ್ಲಿ ಅದರ ಆಡಳಿತ ಮಂಡಳಿ ಬಿಟ್ಟು ನಾಸ್ಟರ್‌ನ ಗುಣಗಾನಕ್ಕೆ ಹೊರಟರು. ನಾಸ್ಟರ್ ಎಂಬ ಆ ಇನ್ನೊಂದು ಜಾಲ ನಮಗೆ ಬೇಡವೇ ಬೇಡ. ಅಲ್ಲಿ ಖಾತೆ ಎಂದರೆ ಒಂದು ರಹಸ್ಯ ಕೀಲಿ. ಕಳೆದರೆ ಹೊಸ ಪಾಸ್‌ವರ್ಡ್ ಕೊಡುವವರು ಯಾರೂ ಇಲ್ಲ. ನಮ್ಮ ಬಳಗದವರು ಎಟಿಎಂ ಪಿನ್ ಅನ್ನು ಕಾರ್ಡಿನ ಹಿಂದೆಯೇ ಬರೆದಿಡುವವರು.

ನನ್ನ ಸಲಹೆ ಮ್ಯಾಸ್ಟಡಾನ್. ಜರ್ಮನಿಯ ಓಯ್ಗನ್ ರೋಖ್ಕೊ 2016ರಲ್ಲಿ ಬರೆದದ್ದು, ಮುಕ್ತ ತಂತ್ರಾಂಶ. ಇಮೇಲ್ ಹೇಗೆ ಯಾವ ಕಂಪನಿಯದಾದರೂ ಒಂದಕ್ಕೊಂದು ತಲುಪುತ್ತದೆಯೋ ಹಾಗೆ ಸಾವಿರಾರು ಸರ್ವರ್‌ಗಳು ಪರಸ್ಪರ ಮಾತನಾಡುತ್ತವೆ. ಆ ಮಾತಿನ ನಿಯಮದ ಹೆಸರು ಆ್ಯಕ್ಟಿವಿಟಿಪಬ್. 2018ರಲ್ಲಿ ವೆಬ್ ಮಾನದಂಡಗಳನ್ನು ರೂಪಿಸುವ ಡಬ್ಲ್ಯು3ಸಿ ಸಂಸ್ಥೆ ಅದನ್ನು ಅಧಿಕೃತವಾಗಿ ಶಿಫಾರಸು ಮಾಡಿತು. ಜಪಾನಿನ ಮಿಸ್‌ಕೀಯಂಥ ಬೇರೆ ತಂತ್ರಾಂಶಗಳಲ್ಲಿರುವವರೂ ಇದೇ ನಿಯಮದಿಂದ ನಮ್ಮನ್ನು ಹಿಂಬಾಲಿಸಬಹುದು. ಜರ್ಮನಿಯ ಒಕ್ಕೂಟ ಸರ್ಕಾರದ ಇಲಾಖೆಗಳು ತಮ್ಮದೇ ಸರ್ವರ್ ಇಟ್ಟುಕೊಂಡಿವೆ. ನಮ್ಮ ಜಿಲ್ಲಾ ಪಂಚಾಯಿತಿಗಳೂ ಹಾಗೆ ಮಾಡಬಾರದೇಕೆ ಎಂದು ಕೇಳಬೇಕೆನಿಸುತ್ತದೆ, ಆ ವಾದ ಇನ್ನೊಂದು ದಿನ.

ಕೋಲಾರ ಮಂಡಿ

ಇದೇ ಮ್ಯಾಸ್ಟಡಾನ್‌ಗೆ 2019ರ ನವೆಂಬರ್‌ನಲ್ಲಿ ದೆಹಲಿ, ಮುಂಬೈ, ಬೆಂಗಳೂರಿನವರೆಲ್ಲ ಗುಳೆ ಹೊರಟಿದ್ದರಲ್ಲ? ಸುಪ್ರೀಂ ಕೋರ್ಟಿನ ವಕೀಲ ಸಂಜಯ್ ಹೆಗ್ಡೆಯವರ ಟ್ವಿಟರ್ ಖಾತೆ ಅಮಾನತಾದಾಗ. ನನ್ನ ಭಾವಮೈದುನನೂ ಹೋಗಿದ್ದ. ಸ್ವಲ್ಪ ದಿನ ಕ್ರಾಂತಿ, ಆಮೇಲೆ ಎಲ್ಲರೂ ಟ್ವಿಟರ್‌ನಲ್ಲೇ ಪ್ರತ್ಯಕ್ಷ. ಅಣ್ಣ, ನೀವು ಹೇಳಿದ "ಸಿಟ್ಟು ಇಳಿದ ಮೇಲೆ" ಎಂಬ ಮಾತು ಇದಕ್ಕೂ ಅನ್ವಯಿಸುತ್ತದೆ.

ನಂದಿ ತಪ್ಪಲು, ಚಿಕ್ಕಬಳ್ಳಾಪುರ

ಅನ್ವಯಿಸುತ್ತದೆ, ಒಪ್ಪಿದೆ. ಆದರೆ ವ್ಯತ್ಯಾಸ ಇಷ್ಟು: ಅವರು ವಾಪಸ್ ಹೋದ ಮೇಲೆ ಮ್ಯಾಸ್ಟಡಾನ್ ಮುಚ್ಚಲಿಲ್ಲ. ಜನ ಕಡಿಮೆಯಾದರೆ ಅದಕ್ಕೆ ಖರ್ಚೂ ಕಡಿಮೆ. ನಮಗೆ ಬೇಕಿರುವುದು ಜಾತ್ರೆಯಲ್ಲ.

ಅಮಾನಿಕೆರೆ ದಂಡೆ, ತುಮಕೂರು

ಸರ್ವರ್ ನಾವೇ ಇಟ್ಟುಕೊಳ್ಳುವುದೋ, ಇರುವ ಯಾವುದಾದರೂ ಸರ್ವರ್‌ಗೆ ಸೇರುವುದೋ?

ನಂದಿ ತಪ್ಪಲು, ಚಿಕ್ಕಬಳ್ಳಾಪುರ

ನಾನು ನನ್ನ ಸ್ನೇಹಿತರಿಗಾಗಿ ಚಿಕ್ಕ ಸರ್ವರ್ ಒಂದನ್ನು ನಡೆಸುತ್ತಿದ್ದೇನೆ, ಅದಕ್ಕೇ ಹೇಳುತ್ತೇನೆ: ಮೊದಲ ದಿನವೇ ಆ ಸಾಹಸ ಬೇಡ. ನೀವು ಬರೆಯುವುದು ಎರಡು ಸಾಲು, ಆದರೆ ನೀವು ಹಿಂಬಾಲಿಸುವ ಹೊರಗಿನವರ ಚಿತ್ರಗಳೆಲ್ಲ ನಿಮ್ಮ ಸರ್ವರ್‌ನಲ್ಲಿ ಪ್ರತಿಯಾಗಿ ಉಳಿಯುತ್ತವೆ. ಡಿಸ್ಕ್ ತುಂಬುವುದು ಅದರಿಂದ. ನಿಯಮಿತವಾಗಿ ಅಳಿಸುವ ಆದೇಶ ಹಾಕಿಡದಿದ್ದರೆ ಒಂದು ಬೆಳಗ್ಗೆ ಎದ್ದು ನೋಡುವಾಗ ಡೇಟಾಬೇಸ್ ನಿಂತಿರುತ್ತದೆ. ಗೋಟುಸೋಶಿಯಲ್ ಎಂಬ ಹಗುರವಾದ ತಂತ್ರಾಂಶವಿದೆ, ಕಡಿಮೆ ಮೆಮೊರಿಯ ಯಂತ್ರದಲ್ಲಿಯೂ ಓಡುತ್ತದೆ. ಆದರೂ ಪೋಸ್ಟ್‌ಗಳ ಬ್ಯಾಕಪ್, ಸ್ಪ್ಯಾಮ್, ಸಾಫ್ಟ್‌ವೇರ್ ಅಪ್‌ಡೇಟ್ ಯಾರದೋ ಒಬ್ಬರ ತಲೆಯ ಮೇಲೆಯೇ ಬೀಳುತ್ತವೆ.

ಕಾನೂನಿನ ಭಾರವೂ ಇದೆ. 2021ರ ಮಾಹಿತಿ ತಂತ್ರಜ್ಞಾನ ನಿಯಮಗಳಲ್ಲಿ ದೊಡ್ಡ ತಾಣಗಳಿಗೆ ಹೆಚ್ಚಿನ ಕಟ್ಟುಪಾಡುಗಳಿರುವುದು ನಿಜ. ಹಾಗೆಂದು ಚಿಕ್ಕದಕ್ಕೆ ವಿನಾಯಿತಿ ಇದೆ ಎಂದುಕೊಳ್ಳಬೇಡಿ. ಇತರರ ಬರಹ ಪ್ರಕಟಿಸುವ ತಾಣಕ್ಕೆ ದೂರು ಸ್ವೀಕರಿಸುವ ಒಬ್ಬ ಅಧಿಕಾರಿ ಇರಬೇಕು, ಅವರ ಹೆಸರು ಮತ್ತು ಸಂಪರ್ಕ ವಿವರ ಕಾಣುವಂತಿರಬೇಕು. ರಾಜಕಾಲುವೆ ಮುಚ್ಚಿದವರ ಹೆಸರು ಹಾಕಿದ ಮರುದಿನ ಆ ವಿಳಾಸಕ್ಕೆ ಏನೆಲ್ಲ ಬರುತ್ತದೆ ಎಂದು ಊಹಿಸಿಕೊಳ್ಳಿ.

ಮಧುಗಿರಿ ಮೇಷ್ಟ್ರು

ಹೆಸರು ಹಾಕಲೇಬೇಡಿ. ಸರ್ವೆ ನಂಬರ್, ದಿನಾಂಕ, ಫೋಟೊ ಸಾಕು. ಮಾತನ್ನು ಕಂದಾಯ ದಾಖಲೆಯೇ ಆಡಲಿ.

ಶಿಡ್ಲಘಟ್ಟದ ಗೂಡು

ಇರುವ ಸರ್ವರ್‌ಗೆ ಸೇರುವುದಾದರೆ ಮ್ಯಾಸ್ಟಡಾನ್‌ನವರ ಅಧಿಕೃತ ಪಟ್ಟಿಯಲ್ಲಿರುವುದನ್ನು ಆಯ್ದುಕೊಳ್ಳಿ. ಆ ಪಟ್ಟಿಗೆ ಸೇರುವ ಸರ್ವರ್‌ನವರು ಪ್ರತಿದಿನ ಬ್ಯಾಕಪ್ ಮಾಡುತ್ತೇವೆ, ಮುಚ್ಚುವುದಾದರೆ ಮೂರು ತಿಂಗಳು ಮೊದಲೇ ತಿಳಿಸುತ್ತೇವೆ ಎಂದು ಒಪ್ಪಿರಬೇಕು. ಜೈಲಿನ ಶಿಕ್ಷೆಯೇನೂ ಇಲ್ಲ, ಮಾತಿನ ಕರಾರು. ಆದರೂ ಏನೂ ಇಲ್ಲದ್ದಕ್ಕಿಂತ ವಾಸಿ.

ಪಾವಗಡ ಬಿಸಿಲು

ಹಾಗಾದರೆ ಮುಖ್ಯ ಪ್ರಶ್ನೆಗೆ ಬನ್ನಿ. ಮ್ಯಾಸ್ಟಡಾನ್‌ನಲ್ಲಿ ಸರ್ವರ್ ಬದಲಾಯಿಸಿದರೆ ಹಿಂಬಾಲಕರು ಜೊತೆಗೆ ಬರುತ್ತಾರೆ, ಬರೆದದ್ದು ಬರುವುದಿಲ್ಲ. ಇದು ಬಾಡಿಗೆ ಮನೆ ಖಾಲಿ ಮಾಡುವಾಗ ನೆಂಟರನ್ನೆಲ್ಲ ಕರೆದುಕೊಂಡು, ಪಾತ್ರೆ ಪಗಡವನ್ನು ಅಲ್ಲೇ ಬಿಟ್ಟು ಹೋದ ಹಾಗೆ. ಕೆರೆ ದಾಖಲೆಗೆ ಬೇಕಾದದ್ದು ಪಾತ್ರೆ ಪಗಡ. ಬ್ಲೂಸ್ಕೈ ಅದನ್ನು ಒಯ್ಯಲು ಬಿಡುತ್ತದೆ ಎಂದು ನೀವೇ ಹೇಳಿದಿರಿ. ಈಗ ಮ್ಯಾಸ್ಟಡಾನ್ ಎನ್ನುತ್ತೀರಿ. ಏಕೆ?

ನಂದಿ ತಪ್ಪಲು, ಚಿಕ್ಕಬಳ್ಳಾಪುರ

ಒಳ್ಳೆಯ ಏಟು. ಉತ್ತರ ಕೊಡುತ್ತೇನೆ.

ಮ್ಯಾಸ್ಟಡಾನ್‌ನಲ್ಲಿ ಬರೆದದ್ದನ್ನು ಚಿತ್ರಗಳ ಸಮೇತ ಡೌನ್‌ಲೋಡ್ ಮಾಡಿಕೊಳ್ಳಬಹುದು, ವಾರಕ್ಕೊಮ್ಮೆ ಕೇಳಿದರೆ ಕೊಡುತ್ತದೆ. ಅದನ್ನು ಹೊಸ ಸರ್ವರ್‌ಗೆ ಏರಿಸಲು ಆಗುವುದಿಲ್ಲ, ನಿಜ. ಆದರೆ ನಮಗೆ ಏರಿಸುವುದು ಮುಖ್ಯವೇ? ಕಡತ ನಮ್ಮ ಕಂಪ್ಯೂಟರಿನಲ್ಲಿದ್ದರೆ ಅದರಿಂದ ವರ್ಷವಾರು, ತಾಲ್ಲೂಕುವಾರು ಪಟ್ಟಿ ಮಾಡಬಹುದು. ದಾಖಲೆಯ ಮೂಲ ಪ್ರತಿ ಯಾವ ತಾಣದಲ್ಲಿಯೂ ಇರಬಾರದು, ನಮ್ಮಲ್ಲಿರಬೇಕು. ತಾಣ ಬರೀ ಸಾರುವ ಕೆಲಸಕ್ಕೆ. ಬ್ಲೂಸ್ಕೈಗೆ ಹೋದರೂ ನಾನು ಇದನ್ನೇ ಹೇಳುತ್ತಿದ್ದೆ.

ಇನ್ನು ಮ್ಯಾಸ್ಟಡಾನ್ ಏಕೆ ಎಂದರೆ, ಅದನ್ನು ಯಾರೂ ಕೊಂಡು ಮೂಲೆಗಿಡಲು ಆಗುವುದಿಲ್ಲ. ಒಂದು ಸರ್ವರ್ ಕೊಂಡರೆ ಉಳಿದವು ಇರುತ್ತವೆ. ಜೈಕುವಿಗೆ ಆದದ್ದು ಇದಕ್ಕೆ ಆಗದು. ಜೊತೆಗೆ, ಸಾರ್ವಜನಿಕ ಖಾತೆಯ ವಿಳಾಸದ ಕೊನೆಗೆ ಒಂದು ಚುಕ್ಕಿ ಇಟ್ಟು ಆರ್‌ಎಸ್‌ಎಸ್ ಎಂಬ ಮೂರು ಇಂಗ್ಲಿಷ್ ಅಕ್ಷರ ಸೇರಿಸಿದರೆ ಹೊಸ ಬರಹಗಳನ್ನು ತಾನಾಗಿ ತಲುಪಿಸುವ ಫೀಡ್ ಸಿಗುತ್ತದೆ. ಪತ್ರಿಕೆಯವರು, ಕಾಲೇಜಿನವರು ಖಾತೆ ಇಲ್ಲದೆಯೇ ಅದಕ್ಕೆ ಕೊಕ್ಕೆ ಹಾಕಿಕೊಳ್ಳಬಹುದು. ಬ್ಲೂಸ್ಕೈನಲ್ಲಿಯೂ ಈ ಸೌಲಭ್ಯ ಇದೆ, ಅದನ್ನು ಮುಚ್ಚಿಡುವುದಿಲ್ಲ.

ಮತ್ತು ಎರಡರಲ್ಲಿ ಒಂದನ್ನೇ ಆರಿಸಬೇಕಾಗಿಯೂ ಇಲ್ಲ. ಬ್ರಿಡ್ಜಿ ಫೆಡ್ ಎಂಬ ಸೇತುವೆ ಇದೆ. ಮ್ಯಾಸ್ಟಡಾನ್ ಖಾತೆಯಿಂದ ಆ ಸೇತುವೆಯ ಖಾತೆಯನ್ನು ಹಿಂಬಾಲಿಸಿದರೆ ನೀವು ಬರೆದದ್ದು ಬ್ಲೂಸ್ಕೈನಲ್ಲಿಯೂ ಕಾಣುತ್ತದೆ. ಬಿಸಿಲು ಅಲ್ಲಿ ಫೀಡ್ ಕಟ್ಟಲಿ. 300ಕ್ಕಿಂತ ಉದ್ದವಾದರೆ ಸೇತುವೆ ಬಾಲ ಕತ್ತರಿಸಿ ಮೂಲದ ಕೊಂಡಿ ಹಾಕುತ್ತದೆ, ಆದ್ದರಿಂದ ಮೇಷ್ಟ್ರ ಲೆಕ್ಕದ 300ರೊಳಗೇ ಬರೆಯಿರಿ.

ಪಾವಗಡ ಬಿಸಿಲು

ಫೀಡ್ ಕಟ್ಟುತ್ತೇನೆ. ಆದರೆ ನಾನು ಬರೆಯುವುದು ಬ್ಲೂಸ್ಕೈನಲ್ಲೇ, ಸೇತುವೆಯನ್ನು ಆ ಕಡೆಯಿಂದ ತೆರೆಯುತ್ತೇನೆ. ನಿಮ್ಮ ಜರ್ಮನಿಯ ಆನೆ, ಆ ಮ್ಯಾಸ್ಟಡಾನ್, ನಿಮಗಿರಲಿ.

ಕೋಲಾರ ಮಂಡಿ

ನಾನು ಎಲ್ಲಿಯೂ ಖಾತೆ ತೆರೆಯುವುದಿಲ್ಲ, ಮೊದಲೇ ಹೇಳಿಬಿಡುತ್ತೇನೆ. ಕೊಂಡಿಯನ್ನು ನಮ್ಮ ಮಂಡಿ ಗುಂಪಿಗೆ ಹಾಕಿ. ಕೆ.ಸಿ. ವ್ಯಾಲಿ ಯೋಜನೆಯ ನೀರು (ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು) ಬಂದ ಮೇಲೆ ಯಾವ ಕೆರೆ ಕೆಳಗೆ ಎಷ್ಟು ಟೊಮೆಟೊ ಬರುತ್ತದೆ ಎಂಬುದು ನಮಗೂ ವ್ಯಾಪಾರದ ಮಾತು.

ನಂದಿ ತಪ್ಪಲು, ಚಿಕ್ಕಬಳ್ಳಾಪುರ

ತೆರೆಯಬೇಕಾಗಿಯೇ ಇಲ್ಲ. ಕೊಂಡಿ ಒತ್ತಿದರೆ ಸಾಕು.

ಅಮಾನಿಕೆರೆ ದಂಡೆ, ತುಮಕೂರು

ಹಾಗಾದರೆ ಮ್ಯಾಸ್ಟಡಾನ್‌ನಲ್ಲಿ ಬಳಗದ ಹೆಸರಿನ ಒಂದು ಖಾತೆ, ಅಲ್ಲಿಂದ ಸೇತುವೆ, ವಾಟ್ಸ್‌ಆ್ಯಪ್‌ಗೆ ಕೊಂಡಿ. ಕಡತ ಇಳಿಸಿಡುವ ಹೊಣೆ ನನ್ನದು. ಟ್ಯಾಗ್ #ಕೆರೆಕೋಡಿ ಎಂದು ಇಡೋಣವೇ? ನಡುವೆ ಜಾಗ ಬಿಡದೆ ಬರೆಯಬೇಕು. ಅಲ್ಲಿ ಹುಡುಕಾಟ ಬಹುಪಾಲು ಟ್ಯಾಗ್ ಮೇಲೆಯೇ ನಡೆಯುತ್ತದೆ ಎಂದು ನಂದಿಯವರು ಫೋನಿನಲ್ಲಿ ಹೇಳಿದರು.

ಮಧುಗಿರಿ ಮೇಷ್ಟ್ರು

ಟ್ಯಾಗ್ ಚೆನ್ನಾಗಿದೆ. ಆದರೆ "ದೊಡ್ಡಕೆರೆ ಕೋಡಿ ಬಿದ್ದಿದೆ" ಎಂದಷ್ಟೇ ಬರೆದರೆ ಯಾವ ದೊಡ್ಡಕೆರೆ? ನಮ್ಮ ಕಡೆ ಹೋಬಳಿಗೊಂದು ದೊಡ್ಡಕೆರೆ ಇದೆ.

ನಂದಿ ತಪ್ಪಲು, ಚಿಕ್ಕಬಳ್ಳಾಪುರ

ಇದು ಇನ್ನೂ ಮುಖ್ಯ. ಫೋಟೊದೊಳಗೆ ಅಡಗಿರುವ ಜಾಗದ ಗುರುತನ್ನು ಮ್ಯಾಸ್ಟಡಾನ್ ಏರಿಸುವಾಗಲೇ ಅಳಿಸಿಹಾಕುತ್ತದೆ, ಜನರ ಮನೆ ವಿಳಾಸ ಬಯಲಾಗದಿರಲಿ ಎಂದು. ಆದ್ದರಿಂದ ಜಾಗವನ್ನು ಬರಹದಲ್ಲೇ ಹೇಳಬೇಕು. ಚಿತ್ರದ ವಿವರಣೆಗೆ ಬೇರೆ ಜಾಗವಿದೆ, ಅಲ್ಲಿ ತೂಬು ಯಾವ ಕಡೆ, ನೀರು ಎಲ್ಲಿಯವರೆಗೆ ಎಂದು ಕನ್ನಡದಲ್ಲೇ ಬರೆಯಿರಿ, ಕಣ್ಣು ಕಾಣದವರಿಗೂ ತಿಳಿಯುತ್ತದೆ. ಮೂಲ ಫೋಟೊವನ್ನು ಮೊಬೈಲ್‌ನಿಂದ ಅಳಿಸದೆ ದಂಡೆಯವರಿಗೆ ಇಮೇಲ್ ಮಾಡಿ, ಗುರುತು ಸಮೇತ ಉಳಿಯುತ್ತದೆ.

ಶಿಡ್ಲಘಟ್ಟದ ಗೂಡು

ಊರು, ಹೋಬಳಿ, ತಾಲ್ಲೂಕು, ಕೆರೆ, ದಿನಾಂಕ, ಆಮೇಲೆ ಸುದ್ದಿ. ಈ ಕ್ರಮದಲ್ಲಿ ಬರೆಯುವುದಾದರೆ ಶಿಡ್ಲಘಟ್ಟ, ಚಿಂತಾಮಣಿ ಕಡೆಯದನ್ನು ನಾನು ನೋಡಿಕೊಳ್ಳುತ್ತೇನೆ.

ಮಧುಗಿರಿ ಮೇಷ್ಟ್ರು

ದಿನಾಂಕದಲ್ಲಿ ಇಸವಿ ಬಿಡಬೇಡಿ. ಮಧುಗಿರಿ, ಕೊರಟಗೆರೆ ನನಗಿರಲಿ. ಪಾವಗಡಕ್ಕೆ ಬಿಸಿಲು ಇದ್ದಾನೆ. ಶಿರಾ ಕಡೆಯವರು ಯಾರಾದರೂ ಇದ್ದರೆ ಇಲ್ಲೇ ಹೇಳಿ.